ಕಾರ್ನಿವೋರಾ: ಚಿರತೆಯ ಬಳಗ

ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆ, ಕಾಡುಬೆಕ್ಕು, ಮುಂಗುಸಿ, ಪುನುಗು ಬೆಕ್ಕು ಒಂದೇ ಗಣದವು. ಇದಕ್ಕೆ ಕಾರ್ನಿವೋರಾ ಎಂಬ ಹೆಸರು 1821ರಲ್ಲಿ ಬಂತು. ಮಾಂಸ ತಿನ್ನುವ ಸಸ್ತನಿಗಳೆಲ್ಲ ಇದರಲ್ಲಿಲ್ಲ. ಗಣವನ್ನು ನಿರ್ಧರಿಸುವುದು ಆಹಾರವಲ್ಲ, ವಂಶ. ಮುಂಬೈ ಕಡಲಿನಲ್ಲಿ ಮೀನು ಹಿಡಿಯುವ ಡಾಲ್ಫಿನ್ ಹೊರಗೆ, ಹಣ್ಣನ್ನೇ ಹೆಚ್ಚಾಗಿ ತಿನ್ನುವ ಮರಬೆಕ್ಕು ಒಳಗೆ. ಬಿದಿರು ತಿನ್ನುವ ಚೀನಾದ ಪಾಂಡಾ ಕೂಡ ಒಳಗೇ.

ವಂಶದ ಗುರುತು ಹಲ್ಲಿನಲ್ಲಿದೆ. ಚಿರತೆಯ ಮೇಲ್ದವಡೆಯ ಕೊನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ದವಡೆ ಹಲ್ಲು ಕತ್ತರಿಯ ಅಲಗುಗಳಂತೆ ಒಂದಕ್ಕೊಂದು ಸವರಿಕೊಂಡು ಮಾಂಸವನ್ನು ಕತ್ತರಿಸುತ್ತವೆ. ಮರಬೆಕ್ಕಿನಲ್ಲೂ ಇದೇ ಜೋಡಿಯಿದೆ, ಆದರೆ ಅಷ್ಟು ಹರಿತವಲ್ಲ. ಕೋಟ್ಯಂತರ ಜನರ ಮಹಾನಗರಕ್ಕೆ ಒತ್ತಿಕೊಂಡಿರುವ, ಸುಮಾರು 104 ಚದರ ಕಿ.ಮೀ. ಕಾಡಿನಲ್ಲಿ ಈ ಬಳಗ ಇಂದಿಗೂ ಬಾಳುತ್ತಿರುವುದು ಮುಂಬೈಯ ಭಾಗ್ಯ.