ಯೀಸ್ಟ್ ಜೀವಕೋಶದಲ್ಲಿ ಪ್ರೋಟೀನ್ ಸಂಕೀರ್ಣಗಳು ಮತ್ತು ವಂಶವಾಹಿಗಳ ಹೊಂದಾಣಿಕೆ

ಬೇಕರಿಗಳಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸಲು ಬಳಸುವ ಯೀಸ್ಟ್ ಒಂದು ಏಕಕೋಶ ಜೀವಿಯಾಗಿದ್ದು, ಇದರ ವೈಜ್ಞಾನಿಕ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬುದಾಗಿರುತ್ತದೆ. ಕೋಶಕೇಂದ್ರವುಳ್ಳ ಜೀವಿಗಳ ಪೈಕಿ ಸಂಪೂರ್ಣ ಡಿಎನ್‌ಎ ಕ್ರಮವನ್ನು ಮೊಟ್ಟಮೊದಲು, ಅಂದರೆ 1996ರಲ್ಲಿ, ಓದಿ ಪ್ರಕಟಿಸಲಾದದ್ದು ಈ ಜೀವಿಯದ್ದೇ. ಇದರ 16 ವರ್ಣತಂತುಗಳಲ್ಲಿ ಸುಮಾರು 6,000 ವಂಶವಾಹಿಗಳಿರುತ್ತವೆ.

ಪ್ರೋಟೀನುಗಳಲ್ಲಿ ಹಲವು ಒಂಟಿಯಾಗಿ ಕಾರ್ಯ ನಿರ್ವಹಿಸುವುದಿಲ್ಲ. ಹತ್ತಾರು ಪ್ರೋಟೀನುಗಳು ನಿಗದಿತ ಪ್ರಮಾಣದಲ್ಲಿ ಕೂಡಿಕೊಂಡು ಸಂಕೀರ್ಣವೆಂಬ ಒಂದು ಯಂತ್ರವಾಗುತ್ತವೆ. ಒಂದು ಭಾಗ ಕಡಿಮೆಯಾದಲ್ಲಿ ಉಳಿದವು ವ್ಯರ್ಥವಾಗುತ್ತವೆ. ಹೆಚ್ಚಾದಲ್ಲಿ ಜೊತೆಯಿಲ್ಲದ ಭಾಗಗಳು ಗಂಟುಕಟ್ಟಿ ಕೋಶಕ್ಕೆ ಹಾನಿ ಉಂಟುಮಾಡಬಹುದು. ಬ್ಯಾಕ್ಟೀರಿಯಾಗಳಲ್ಲಿ ಒಂದೇ ಕೆಲಸಕ್ಕೆ ಬೇಕಾದ ವಂಶವಾಹಿಗಳು ಅನೇಕ ವೇಳೆ ಸಾಲಾಗಿದ್ದು ಒಂದೇ ನಿಯಂತ್ರಣಕ್ಕೆ ಒಳಪಟ್ಟಿರುತ್ತವೆ. ಯೀಸ್ಟಿನಲ್ಲಿ ಅವು ಬೇರೆ ಬೇರೆ ವರ್ಣತಂತುಗಳಲ್ಲಿ ಚದುರಿಹೋಗಿದ್ದು, ಪ್ರತಿಯೊಂದಕ್ಕೂ ತನ್ನದೇ ನಿಯಂತ್ರಣ ಭಾಗವಿರುತ್ತದೆ. ಆದಾಗ್ಯೂ ಅವು ಒಟ್ಟಿಗೆ ಚಾಲನೆಗೊಳ್ಳುವುದು ಹೇಗೆಂಬುದನ್ನು ಎರಡು ಸಂಕೀರ್ಣಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ರೈಬೋಸೋಮ್

ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮಿನಲ್ಲಿ 79 ಬಗೆಯ ಪ್ರೋಟೀನುಗಳು ಹಾಗೂ 4 ಆರ್‌ಎನ್‌ಎ ಅಣುಗಳು ಸೇರಿರುತ್ತವೆ. ಬಹುಪಾಲು ಪ್ರೋಟೀನುಗಳಿಗೆ ಎರಡೆರಡು ಪ್ರತಿಗಳಿರುವುದರಿಂದ ಸಂಬಂಧಪಟ್ಟ ವಂಶವಾಹಿಗಳ ಸಂಖ್ಯೆ 137 ಆಗಿರುತ್ತದೆ. ವೇಗವಾಗಿ ಬೆಳೆಯುವ ಕೋಶವು ನಿಮಿಷಕ್ಕೆ ಸುಮಾರು 2,000 ರೈಬೋಸೋಮ್‌ಗಳನ್ನು ಕಟ್ಟುತ್ತದೆ. ಇಷ್ಟು ದೊಡ್ಡ ಖರ್ಚನ್ನು ಆಹಾರವಿಲ್ಲದ ಕಾಲದಲ್ಲಿ ಮುಂದುವರಿಸುವುದು ಸಾಧ್ಯವಿಲ್ಲ.

ಈ ವಂಶವಾಹಿಗಳಲ್ಲಿ ಹೆಚ್ಚಿನವುಗಳ ನಿಯಂತ್ರಣ ಭಾಗದಲ್ಲಿ ರ್ಯಾಪ್1 ಎಂಬ ಪ್ರೋಟೀನ್ ನೆಲೆಸಿದ್ದು, ಅದರೊಡನೆ ಎಫ್‌ಎಚ್‌ಎಲ್1 ಇರುತ್ತದೆ. ಆಹಾರ ದೊರೆಯುವಾಗ ಐಎಫ್‌ಎಚ್1 ಎಂಬ ಮೂರನೆಯ ಪ್ರೋಟೀನ್ ಬಂದು ಸೇರಿದರೆ ವಂಶವಾಹಿಗಳು ಒಟ್ಟಿಗೆ ಚುರುಕಾಗುತ್ತವೆ. ಆಹಾರ ತೀರಿದಾಗ ಅದು ಕಳಚಿಕೊಳ್ಳುತ್ತದೆ. ಈ ಸುದ್ದಿಯನ್ನು ತಲುಪಿಸುವುದು ಟಾರ್ ಎಂಬ ಕಿಣ್ವ. ರ್ಯಾಪಮೈಸಿನ್ ಔಷಧಿಯು ಇದನ್ನು ತಡೆಯುವುದರಿಂದ, ಆಹಾರವಿದ್ದರೂ ಕೋಶವು ಹಸಿವಿನಲ್ಲಿರುವಂತೆ ವರ್ತಿಸುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡ ಕೆಲವು ರೋಗಿಗಳಿಗೆ ನೀಡುವ ಸಿರೊಲಿಮಸ್ ಇದೇ ಔಷಧಿಯಾಗಿದ್ದು, ಟಾರ್ ಅನ್ನು ಗುರುತಿಸಿದ್ದು ಮೊದಲು ಯೀಸ್ಟಿನಲ್ಲಿಯೇ, 1991ರಲ್ಲಿ.

ಪ್ರೋಟಿಯಾಸೋಮ್

ಹಾಳಾದ ಹಾಗೂ ಅಗತ್ಯ ಮುಗಿದ ಪ್ರೋಟೀನುಗಳನ್ನು ತುಂಡರಿಸುವ ಸಂಕೀರ್ಣಕ್ಕೆ ಪ್ರೋಟಿಯಾಸೋಮ್ ಎನ್ನಲಾಗುತ್ತದೆ. ಇದರಲ್ಲಿ 30ಕ್ಕೂ ಹೆಚ್ಚು ಬಗೆಯ ಭಾಗಗಳಿದ್ದು, ಅವುಗಳ ಪೈಕಿ ಹೆಚ್ಚಿನ ವಂಶವಾಹಿಗಳ ಮುಂದೆ ಒಂದೇ ಬಗೆಯ, ಒಂಬತ್ತು ಅಕ್ಷರಗಳ ಡಿಎನ್‌ಎ ಗುರುತು ಇರುವುದು 1999ರಲ್ಲಿ ಕಂಡುಬಂದಿತು. ಆರ್‌ಪಿಎನ್4 ಎಂಬ ಪ್ರೋಟೀನ್ ಈ ಗುರುತನ್ನು ಹಿಡಿದು ಎಲ್ಲವನ್ನೂ ಚಾಲನೆಗೊಳಿಸುತ್ತದೆ.

ಇಲ್ಲಿನ ವ್ಯವಸ್ಥೆಯ ಸೊಗಸು ಬೇರೆಯೇ. ಆರ್‌ಪಿಎನ್4 ಅನ್ನು ನಾಶಪಡಿಸುವುದೂ ಪ್ರೋಟಿಯಾಸೋಮೇ. ಸಾಮಾನ್ಯ ಸ್ಥಿತಿಯಲ್ಲಿ ಅದರ ಅರ್ಧಾಯುಷ್ಯ ಸುಮಾರು 2 ನಿಮಿಷ ಮಾತ್ರ. ಪ್ರೋಟಿಯಾಸೋಮ್‌ಗಳು ಸಾಕಷ್ಟಿದ್ದಲ್ಲಿ ಆರ್‌ಪಿಎನ್4 ಉಳಿಯುವುದಿಲ್ಲ, ಹೊಸ ತಯಾರಿಕೆ ತಗ್ಗುತ್ತದೆ. ಅವು ಕಡಿಮೆಯಾದಲ್ಲಿ ಅಥವಾ ಕೆಲಸದ ಹೊರೆ ಹೆಚ್ಚಿದಲ್ಲಿ ಆರ್‌ಪಿಎನ್4 ಸಂಗ್ರಹವಾಗಿ ತಯಾರಿಕೆ ಏರುತ್ತದೆ. ಎಣಿಕೆ ಮಾಡುವ ಪ್ರತ್ಯೇಕ ಸಾಧನವೇ ಇಲ್ಲಿಲ್ಲ. ಈ ಸುತ್ತನ್ನು 2001ರಲ್ಲಿ ವರದಿ ಮಾಡಲಾಯಿತು. ಆರ್‌ಪಿಎನ್4 ಇಲ್ಲದ ಯೀಸ್ಟ್ ಬದುಕುತ್ತದೆಯಾದರೂ, ಡಿಎನ್‌ಎಗೆ ಹಾನಿ ಮಾಡುವ ರಾಸಾಯನಿಕಗಳಂತಹ ಒತ್ತಡವನ್ನು ಸಹಿಸಲಾರದು.

ವಂಶವಾಹಿಗಳ ಮಟ್ಟದ ಹೊಂದಾಣಿಕೆ ಪೂರ್ತಿ ನಿಖರವಲ್ಲ. ಒಂದು ವರ್ಣತಂತು ಹೆಚ್ಚುವರಿಯಾಗಿರುವ ಯೀಸ್ಟಿನಲ್ಲಿ ಅದರ ಬಹುಪಾಲು ಪ್ರೋಟೀನುಗಳು ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಸಂಕೀರ್ಣಗಳ ಭಾಗಗಳಲ್ಲಿ ಮಾತ್ರ ಅನೇಕವು ಹೆಚ್ಚುವುದಿಲ್ಲ. ಜೊತೆ ಸಿಗದವುಗಳನ್ನು ಕೋಶವು ಕೂಡಲೇ ಒಡೆದುಹಾಕುವುದೇ ಇದಕ್ಕೆ ಮುಖ್ಯ ಕಾರಣ.

ಮಾನವ ಆರೋಗ್ಯಕ್ಕೆ ಸಂಬಂಧ

ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಕ್ಕೆ ನೀಡುವ ಬೋರ್ಟೆಜೋಮಿಬ್, ಪ್ರೋಟಿಯಾಸೋಮನ್ನು ತಡೆಯುವ ಔಷಧಿಯಾಗಿದೆ. ಅಮೆರಿಕದಲ್ಲಿ ಇದಕ್ಕೆ 2003ರಲ್ಲಿ ಅನುಮತಿ ದೊರೆಯಿತು. ಮಾನವ ಕೋಶಗಳಲ್ಲಿ ಆರ್‌ಪಿಎನ್4 ಇರುವುದಿಲ್ಲ. ಆದರೆ ಎನ್‌ಆರ್‌ಎಫ್1 ಎಂಬ ಬೇರೊಂದು ಪ್ರೋಟೀನ್ ಅಂತಹುದೇ ಕೆಲಸ ಮಾಡುವುದು 2010ರಲ್ಲಿ ತಿಳಿದುಬಂದಿತು. ಔಷಧಿಯು ಪ್ರೋಟಿಯಾಸೋಮನ್ನು ತಡೆದ ಕೂಡಲೇ ಕ್ಯಾನ್ಸರ್ ಕೋಶವು ಹೊಸದನ್ನು ಕಟ್ಟತೊಡಗಬಹುದಾದ್ದರಿಂದ, ಎನ್‌ಆರ್‌ಎಫ್1 ಅನ್ನು ತಡೆಯುವ ಮಾರ್ಗಗಳ ಬಗ್ಗೆ ಸಂಶೋಧನೆ ನಡೆದಿದೆ.

ಈ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಮೇಲ್ಕಂಡ ಔಷಧಿಗಳನ್ನು ಪಡೆಯುತ್ತಿರುವವರು ತಜ್ಞ ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ನಿಲ್ಲಿಸುವುದಾಗಲೀ ಪ್ರಮಾಣ ಬದಲಾಯಿಸುವುದಾಗಲೀ ಮಾಡತಕ್ಕದ್ದಲ್ಲ.