ಶಿಲಾಯುಗದವರು ಉಂಡದ್ದೇನು?

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಈ ಬಂಡೆಬರಹದಿಂದಲೇ ‘ದೇವಾನಾಂಪ್ರಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಖಚಿತವಾಯಿತು. ಆದರೆ ಮಸ್ಕಿಯ ಮಣ್ಣಿನಲ್ಲಿ ಅಶೋಕನಿಗಿಂತ ಬಹಳ ಹಿಂದಿನ ಇನ್ನೊಂದು ಕಥೆಯೂ ಇದೆ. ಅದು ಅರಸರದಲ್ಲ, ಅನ್ನದ ಕಥೆ. ಕಲ್ಲಿನ ಕೊಡಲಿ ಹಿಡಿದು ಬದುಕಿದ ಜನ ಇಲ್ಲಿ ಏನನ್ನು ಬೆಳೆದರು, ಏನನ್ನು ಅರೆದರು, ಏನನ್ನು ಉಂಡರು ಎಂಬ ಪ್ರಶ್ನೆ ಇದುವರೆಗೆ ಪುರಾತತ್ವಜ್ಞರಿಗೆ ಮಾತ್ರ ಸೇರಿದ್ದಾಗಿತ್ತು. ‘ಪೇಲಿಯೊ ಡಯಟ್’ ಎಂಬ ಪಥ್ಯ ಜಗತ್ತಿನಾದ್ಯಂತ ಹೆಸರು ಮಾಡಿದ ಮೇಲೆ ಅದು ವೈದ್ಯರ, ವ್ಯಾಯಾಮಶಾಲೆಯವರ, ಸಕ್ಕರೆ ಕಾಯಿಲೆಯ ಮನೆಗಳವರ ಪ್ರಶ್ನೆಯೂ ಆಗಿದೆ.

ಈ ಪಥ್ಯದ ತಿರುಳು ಸರಳ. ಮನುಷ್ಯ ಲಕ್ಷಾಂತರ ವರ್ಷ ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ತಿಂದು ಬದುಕಿದ. ಬೇಸಾಯ ಆರಂಭವಾಗಿ ಹತ್ತು ಸಾವಿರ ವರ್ಷವಷ್ಟೇ ಆಗಿದೆ. ನಮ್ಮ ದೇಹ ಇನ್ನೂ ಹಳೆಯ ಊಟಕ್ಕೇ ಹೊಂದಿಕೊಂಡಿದೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬೀಜಗಳನ್ನು ತಿನ್ನಬೇಕು. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ, ಕಾರ್ಖಾನೆಯ ತಿನಿಸುಗಳನ್ನು ಬಿಡಬೇಕು. 1985ರಲ್ಲಿ ಅಮೆರಿಕದ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಅಲ್ಲಿನ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ವಿಚಾರವನ್ನು ಮಂಡಿಸಿದರು. 2002ರಲ್ಲಿ ಪ್ರಕಟವಾದ ಲಾರೆನ್ ಕಾರ್ಡೇನ್ ಅವರ ಪುಸ್ತಕ ಅದನ್ನು ಮನೆಮಾತಾಗಿಸಿತು. ಈಟನ್ ಮತ್ತು ಕಾನರ್ ತಮ್ಮ ಮೊದಲ ಲೇಖನದಲ್ಲಿ ಹಳೆಯ ಊಟದಲ್ಲಿ ಮಾಂಸದ ಪಾಲು ಸುಮಾರು ಮೂರನೆಯ ಒಂದು ಭಾಗ, ಉಳಿದದ್ದು ಸಸ್ಯಮೂಲದ್ದು ಎಂದೇ ಅಂದಾಜು ಮಾಡಿದ್ದರು. ಮಾಂಸಕ್ಕೆ ಅಗ್ರಸ್ಥಾನ ಸಿಕ್ಕಿದ್ದು ಆಮೇಲೆ.

ಈ ವಾದವನ್ನು ಗೇಲಿ ಮಾಡಿ ತಳ್ಳಿಹಾಕುವಂತಿಲ್ಲ. ಬೇಸಾಯ ಕಾಲಿಟ್ಟ ಹಲವೆಡೆ ಜನರ ಎತ್ತರ ಕುಗ್ಗಿದ್ದನ್ನೂ, ಹಲ್ಲಿನ ಹುಳುಕು ಹೆಚ್ಚಿದ್ದನ್ನೂ ಹಳೆಯ ಅಸ್ಥಿಪಂಜರಗಳು ತೋರಿಸುತ್ತವೆ. ಮಾರ್ಕ್ ಕೋಹೆನ್ ಮತ್ತು ಜಾರ್ಜ್ ಆರ್ಮೆಲಾಗೊಸ್ 1984ರಲ್ಲಿ ಸಂಪಾದಿಸಿದ ಗ್ರಂಥ ಇಂಥ ಸಾಕ್ಷ್ಯಗಳನ್ನು ಒಂದೆಡೆ ತಂದಿತು. ಅದೇ ವರ್ಷ ಆಸ್ಟ್ರೇಲಿಯದಲ್ಲಿ ಕೆರಿನ್ ಓಡೀ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಕ್ಕರೆ ಕಾಯಿಲೆಯಿದ್ದ ಹತ್ತು ಮಂದಿ ಮೂಲನಿವಾಸಿಗಳು ಏಳು ವಾರ ತಮ್ಮ ಹಿರಿಯರಂತೆ ಬೇಟೆ ಮತ್ತು ಆಹಾರ ಸಂಗ್ರಹದ ಬದುಕಿಗೆ ಮರಳಿದಾಗ ಸರಾಸರಿ 8 ಕಿಲೋ ತೂಕ ಇಳಿದು, ರಕ್ತದ ಸಕ್ಕರೆಯೂ ಬಹಳ ಸುಧಾರಿಸಿತು. ಸ್ವೀಡನ್ನಿನಲ್ಲಿ 2007ರಲ್ಲಿ ಹೃದ್ರೋಗವಿದ್ದ 29 ಮಂದಿಯ ಮೇಲೆ ನಡೆದ 12 ವಾರಗಳ ಪರೀಕ್ಷೆಯಲ್ಲೂ ಪೇಲಿಯೊ ಊಟ ಮಾಡಿದವರ ದೇಹ ಸಕ್ಕರೆಯನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿತು.

ಆದರೆ ಇವು ಚಿಕ್ಕ ಗುಂಪುಗಳು, ಚಿಕ್ಕ ಅವಧಿಗಳು. ಸ್ವೀಡನ್ನಿನಲ್ಲೇ 70 ಮಂದಿ ಬೊಜ್ಜಿನ ಮಹಿಳೆಯರನ್ನು ಎರಡು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಕಥೆ ಬೇರೆ. ಆರು ತಿಂಗಳಲ್ಲಿ ಪೇಲಿಯೊ ಗುಂಪಿನವರ ಕೊಬ್ಬು, ಸಾಮಾನ್ಯ ಆಹಾರ ಶಿಫಾರಸು ಪಾಲಿಸಿದವರಿಗಿಂತ ಹೆಚ್ಚು ಕರಗಿತ್ತು. ಎರಡು ವರ್ಷ ಮುಗಿಯುವಾಗ ಆ ಅಂತರ ಉಳಿದಿರಲಿಲ್ಲ. ರಕ್ತದ ಟ್ರೈಗ್ಲಿಸರೈಡ್ ಕೊಬ್ಬಿನಲ್ಲಿ ಮಾತ್ರ ಲಾಭ ಉಳಿದುಬಂದಿತ್ತು. ಪಥ್ಯ ಕೆಲಸ ಮಾಡುತ್ತದೆ, ಆದರೆ ಹಿಡಿದು ನಡೆಸುವುದು ಕಷ್ಟ ಎಂಬುದು ಒಂದು ಪಾಠ. ಲಾಭ ಬಂದದ್ದು ಮಾಂಸ ತಿಂದದ್ದರಿಂದಲೋ, ಸಕ್ಕರೆ ಮೈದಾ ಬಿಟ್ಟದ್ದರಿಂದಲೋ ಎಂಬುದು ಅದರೊಂದಿಗೇ ಏಳುವ ಪ್ರಶ್ನೆ.

ಕೃಷ್ಣೆಯ ಆಚೆ ದಡದಲ್ಲಿ

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲೇ ಕೇಳಿ ನೋಡಬಹುದು. ಅದಕ್ಕೆ ರಾಯಚೂರು ಸೀಮೆಗಿಂತ ಒಳ್ಳೆಯ ಜಾಗ ಕಡಿಮೆ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಹುಣಸಗಿಯ ಕಣಿವೆ ಸಿಗುತ್ತದೆ. ಈಗಿನ ಯಾದಗಿರಿ ಜಿಲ್ಲೆಗೆ ಸೇರಿದ ಈ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ನೆಲೆಯನ್ನು ಅಗೆದು ತೆಗೆದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು. ಪೇಲಿಯೊ ಎಂಬ ಹೆಸರಿಗೆ ನಿಜವಾಗಿ ತಕ್ಕ ಹಳೆ ಶಿಲಾಯುಗ ಇದೇ.

ಅಲ್ಲಿಯವರು ತಿಂದದ್ದೇನು? ಪದ್ದಯ್ಯನವರು ಕಣಿವೆಯ ಈಗಿನ ಗಿಡಮರ, ಪ್ರಾಣಿ, ನೀರಿನ ಸೆಲೆಗಳನ್ನೂ, ಸ್ಥಳೀಯರು ಇಂದಿಗೂ ಆಯ್ದು ತಿನ್ನುವ ಕಾಡು ಸಸ್ಯಗಳನ್ನೂ ಅಭ್ಯಸಿಸಿ ಒಂದು ಚಿತ್ರ ಕೊಟ್ಟರು. ಮಳೆಗಾಲದಲ್ಲಿ ಚಿಕ್ಕ ಗುಂಪುಗಳಾಗಿ ಚದುರಿ ಸೊಪ್ಪು, ಹಣ್ಣು, ಗೆಡ್ಡೆ, ಬೀಜ, ಚಿಕ್ಕ ಪ್ರಾಣಿಗಳನ್ನು ನೆಚ್ಚುತ್ತಿದ್ದರು. ಬೇಸಗೆಯಲ್ಲಿ ಬತ್ತದ ಬುಗ್ಗೆಗಳ ಸುತ್ತ ಸೇರಿ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರು. ಅಂದರೆ ಒಂದೇ ಕಣಿವೆಯಲ್ಲಿ, ಒಂದೇ ಜನಕ್ಕೆ, ಕಾಲಕ್ಕೊಂದು ಊಟ. ಉತ್ತರ ಧ್ರುವದ ಹಿಮದಲ್ಲಿ ಸೀಲ್ ತಿಂದು ಬದುಕಿದವರದು ಒಂದು ಪಾಕಪಟ್ಟಿಯಾದರೆ, ಆಫ್ರಿಕದ ಹುಲ್ಲುಗಾವಲಿನಲ್ಲಿ ಗೆಡ್ಡೆ ಮತ್ತು ಜೇನು ತಿಂದವರದು ಇನ್ನೊಂದು. ಶಿಲಾಯುಗದ ಊಟ ಎಂಬುದು ಏಕವಚನದಲ್ಲಿ ಹೇಳುವ ಮಾತೇ ಅಲ್ಲ.

ಬೇಸಾಯಕ್ಕೆ ಮುಂಚೆ ಮನುಷ್ಯ ಧಾನ್ಯವನ್ನೇ ಮುಟ್ಟಿರಲಿಲ್ಲ ಎಂಬ ನಂಬಿಕೆಯೂ ಈಗ ಉಳಿದಿಲ್ಲ. ಇಟಲಿಯ ಪಗ್ಲಿಚಿ ಗವಿಯ ಸುಮಾರು 32,000 ವರ್ಷ ಹಳೆಯ ಅರೆಯುವ ಕಲ್ಲಿನ ಮೇಲೆ ಕಾಡು ಓಟ್ಸ್‌ನ ಹಿಟ್ಟಿನ ಕಣಗಳು ಸಿಕ್ಕಿವೆ. ಜೋರ್ಡಾನಿನಲ್ಲಿ 14,000 ವರ್ಷಕ್ಕೂ ಹಿಂದಿನ ಒಲೆಗಳ ಬಳಿ ಸೀದ ರೊಟ್ಟಿಯ ಚೂರುಗಳು ದೊರೆತದ್ದು 2018ರಲ್ಲಿ ಪ್ರಕಟವಾಯಿತು. ಅಲ್ಲಿ ಬೇಸಾಯ ಬರಲು ಇನ್ನೂ ಸಾವಿರಾರು ವರ್ಷಗಳಿದ್ದವು. ದೇಹ ಬದಲಾಗಿಯೇ ಇಲ್ಲ ಎಂಬ ಮಾತೂ ಅರ್ಧಸತ್ಯ. ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳುವ ವಂಶವಾಹಿ ಗುಣ ಹರಡಿದ್ದು ಪಶುಪಾಲನೆ ಶುರುವಾದ ನಂತರವೇ.

ಬೂದಿದಿಬ್ಬದ ಜನರ ಹುರುಳಿ

ಕೃಷ್ಣೆಯ ಈಚೆಗೆ ಬಂದರೆ ನವಶಿಲಾಯುಗದ ಊರುಗಳ ಸಾಲೇ ಇದೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಸೀಮೆಯ ಕಲ್ಲಾಯುಧಗಳನ್ನು ಕಲೆಹಾಕಿದ್ದರು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳವನ್ನು 1952ರಲ್ಲಿ ಎಫ್.ಆರ್. ಆಲ್ಚಿನ್ ಅಗೆದರು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನೇತೃತ್ವದಲ್ಲಿ ಉತ್ಖನನ ನಡೆದು, ನವಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಕಾಲಘಟ್ಟಗಳು ಒಂದರ ಮೇಲೊಂದು ಪದರಗಳಾಗಿ ಕಂಡವು. ಈ ಸೀಮೆಯ ಬೂದಿದಿಬ್ಬಗಳು ದನದ ದೊಡ್ಡಿಗಳ ಸಗಣಿ ಉರಿದು ಉಳಿದವು ಎಂಬುದನ್ನು ಆಲ್ಚಿನ್ 1957ರಲ್ಲಿ ಉಟ್ನೂರಿನ ಉತ್ಖನನದಿಂದ ತೋರಿಸಿಕೊಟ್ಟರು. ಹುಣಸಗಿ ಭಾಗದ ಬೂದಿಹಾಳದಲ್ಲಿ ಪದ್ದಯ್ಯನವರಿಗೆ ದನ ಕಡಿಯುತ್ತಿದ್ದ ನೆಲಗಟ್ಟೇ ಸಿಕ್ಕಿತು. ಈ ಜನ ದನಗಾಹಿಗಳು, ಮಾಂಸ ತಿನ್ನುವವರು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಅದೇ ನೆಲೆಗಳಲ್ಲಿ ಅರೆಯುವ ಕಲ್ಲುಗಳೂ, ಅರೆದು ಅರೆದು ಹಳ್ಳಬಿದ್ದ ಬಂಡೆಗಳೂ ಇವೆ. ಅವುಗಳಲ್ಲಿ ಅರೆದದ್ದೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಬಂದ ಮೇಲೆ. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಹೀಗೆ ಪರೀಕ್ಷಿಸಿದರು. ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು ಕಾಳು: ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಕುಲಕ್ಕೆ ಸೇರಿದ ಒಂದು ಹುಲ್ಲಿನ ಧಾನ್ಯ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದಕ್ಷಿಣದ ಒಣನೆಲದ ಊಟದ ಅಡಿಪಾಯ ಇದು. ಪೇಲಿಯೊ ಪಥ್ಯ ಮೊದಲು ಬಿಡಿಸುವುದೂ ಇದೇ ಧಾನ್ಯ ಬೇಳೆಗಳನ್ನು!

ಪಥ್ಯದ ಪರವಾದವರು ‘ಕೆಡುಕು ಶುರುವಾದದ್ದೇ ನವಶಿಲಾಯುಗದಲ್ಲಿ’ ಎನ್ನಬಹುದು. ಹಾಗಾದರೆ ಆಮೇಲೆ ಬಂದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಉತ್ತರ ಕರ್ನಾಟಕದ ಹೆಮ್ಮೆಯಾದ ಜೋಳದ ತವರು ಆಫ್ರಿಕ. ಸಜ್ಜೆ, ರಾಗಿ, ಅವರೆಯೂ ಅಲ್ಲಿಂದಲೇ ಬಂದವು. ಹಳ್ಳೂರಿನಲ್ಲಿ ಸಿಕ್ಕ ಸಜ್ಜೆಯ ಕಾಲ ಸುಮಾರು ಕ್ರಿ.ಪೂ. 1500. ಮೆಣಸಿನಕಾಯಿ, ಶೇಂಗಾ, ಟೊಮೆಟೊ ಅಮೆರಿಕ ಖಂಡದಿಂದ ಬಂದು ಐದು ಶತಮಾನ ತುಂಬುತ್ತಿದೆಯಷ್ಟೆ. ‘ನಮ್ಮ ಹಿರಿಯರ ಊಟ’ ಎಂದು ಎದೆತಟ್ಟುವವರ ತಟ್ಟೆಯಲ್ಲೂ ಮೂರು ಖಂಡಗಳ ಬೆಳೆಗಳಿವೆ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಾಗಲಿಲ್ಲ. ಅವು ನಿಧಾನವಾಗಿ ಬಂದವು, ಹಳೆಯದರ ಜೊತೆಗೆ ಸೇರಿಕೊಂಡವು. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಮಡಕೆ ಬೆಳೆಯುತ್ತಿದ್ದವು. ರೊಟ್ಟಿಯ ಪಕ್ಕದಲ್ಲಿ ಕಾಳಿನ ಪಲ್ಯ, ಪುಂಡಿ ಸೊಪ್ಪು, ಅಗಸಿ ಇಲ್ಲವೆ ಗುರೆಳ್ಳಿನ ಚಟ್ನಿ ಇರುತ್ತಿದ್ದವು.

ಕಾಲುವೆ ಬಂದ ಮೇಲೆ

ಒಂದೇ ತಲೆಮಾರಿನಲ್ಲಿ ಊಟ ಬದಲಾದದ್ದು ಸಿಂಧನೂರಿನಲ್ಲಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆಯ ಮೂಲ ಉದ್ದೇಶ ಭತ್ತ ಬೆಳೆಯುವುದಾಗಿರಲಿಲ್ಲ. ಬರಪೀಡಿತ ನೆಲಕ್ಕೆ ಸ್ವಲ್ಪ ಸ್ವಲ್ಪ ನೀರನ್ನು ಬಹಳ ಜನಕ್ಕೆ ಹಂಚಿ, ಜೋಳ, ಹತ್ತಿಯಂಥ ಬೆಳೆಗಳನ್ನು ಕಾಪಾಡುವುದಾಗಿತ್ತು. ಕರಾವಳಿ ಆಂಧ್ರದಿಂದ ಬಂದ ರೈತರು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡು ಭತ್ತದ ಬೇಸಾಯ ತಂದರು. ಸ್ಥಳೀಯರೂ ಕಲಿತರು. ಸಿಂಧನೂರು ಭತ್ತದ ಕಣಜವಾಯಿತು. ಕಾಲುವೆಯ ಮೇಲ್ಭಾಗಕ್ಕೆ ಸಮೃದ್ಧಿ ಬಂತು, ಕೊನೆಭಾಗದ ರೈತರಿಗೆ ನೀರಿನ ಕೊರತೆ ಉಳಿಯಿತು.

ಹಸಿವು ತಗ್ಗಿದ್ದು ಸಣ್ಣ ಮಾತಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಜೋಳದ ಜೊತೆಗೆ ಮನೆಯಂಗಳಕ್ಕೆ ಬರುತ್ತಿದ್ದ ಕಾಳುಗಳನ್ನು ಅಂಗಡಿಯಿಂದ ಕೊಳ್ಳಬೇಕಾಯಿತು. ಕೊಳ್ಳಬೇಕಾದದ್ದು ತಟ್ಟೆಯಲ್ಲಿ ಕಡಿಮೆಯಾಗುತ್ತದೆ. 2013ರ ಅನ್ನಭಾಗ್ಯ ಯೋಜನೆ ಬಡವರ ಮನೆಯ ಅನ್ನದ ಚಿಂತೆಯನ್ನು ಇಳಿಸಿತು. ಅಕ್ಕಿಯ ಪಾಲನ್ನೂ ಹೆಚ್ಚಿಸಿತು. ಪಾಲಿಶ್ ಮಾಡಿದ ಅಕ್ಕಿಯ ನೂರು ಗ್ರಾಂನಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ಜೋಳದಲ್ಲಿ ಸುಮಾರು 10 ಗ್ರಾಂ. ಹುರುಳಿಯಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ, ಅಕ್ಕಿಯಲ್ಲಿ 8.

ಇದರ ಬೆಲೆ ಈಗ ಕಾಣುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಪ್ರಕಟಿಸಿದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅದೇ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಶಕ್ತಿಯಲ್ಲಿ ಸುಮಾರು 62 ಪಾಲು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದರೆ ಅಪಾಯ ಇಳಿಯುವುದಿಲ್ಲ. ಪಿಷ್ಟದ ಪ್ರಮಾಣವನ್ನೇ ಸ್ವಲ್ಪ ತಗ್ಗಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲಿನಂಥ ಪ್ರೋಟೀನ್ ತಂದರೆ ಇಳಿಯುತ್ತದೆ ಎಂಬುದು ಆ ವರದಿಯ ಮುಖ್ಯ ಸೂಚನೆ. ಸಿರಿಧಾನ್ಯವೇ ಸಂಜೀವಿನಿ ಎನ್ನುವವರಿಗೂ, ಧಾನ್ಯವೇ ವಿಷ ಎನ್ನುವವರಿಗೂ ಇದರಲ್ಲಿ ಪಾಠವಿದೆ.

ಬೇಳೆಕಾಳುಗಳ ಮೇಲೆ ಪೇಲಿಯೊ ಪಂಥದ ಆಕ್ಷೇಪವೆಂದರೆ ಅವುಗಳಲ್ಲಿರುವ ಲೆಕ್ಟಿನ್, ಫೈಟೇಟ್ ಎಂಬ ಅಂಶಗಳು. ಹಸಿಕಾಳಿನ ಮಟ್ಟಿಗೆ ಆ ಮಾತು ನಿಜ. ಆದರೆ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸುವ ಅಡುಗೆಮನೆಯ ಹಳೆಯ ವಿದ್ಯೆ ಲೆಕ್ಟಿನ್ನನ್ನು ನಾಶಮಾಡುತ್ತದೆ, ಫೈಟೇಟನ್ನು ತಗ್ಗಿಸುತ್ತದೆ. ಇನ್ನು ದಿನವೂ ಮಾಂಸ, ಬಾದಾಮಿ, ಹಣ್ಣು ಕೊಳ್ಳುವುದು ಕೂಲಿಯ ಕುಟುಂಬಕ್ಕೆ ಆಗದ ಮಾತು. ಹುರುಳಿಕಟ್ಟು ಆಗುವ ಮಾತು. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಯಾವ ಪಥ್ಯವನ್ನೂ ಹಿಡಿಯುವಂತಿಲ್ಲ ಎಂಬುದನ್ನೂ ಮರೆಯಬಾರದು.

ಮೈಕಟ್ಟಿನ ವಿಷಯಕ್ಕೆ ಬಂದರೆ ಊಟಕ್ಕಿಂತ ದುಡಿಮೆಯ ಕಡೆ ನೋಡಬೇಕು. ದಕ್ಷಿಣ ಅಮೆರಿಕದ ಬೊಲಿವಿಯಾದ ಚಿಮಾನೆ ಜನರ ಹೃದಯದ ರಕ್ತನಾಳಗಳು, ಅಳೆದು ನೋಡಲಾದ ಜನಾಂಗಗಳಲ್ಲೇ ಅತ್ಯಂತ ಆರೋಗ್ಯಕರ ಎಂದು 2017ರಲ್ಲಿ ವರದಿಯಾಯಿತು. ಅವರ ಶಕ್ತಿಯಲ್ಲಿ ಸುಮಾರು 72 ಪಾಲು ಬರುವುದು ಅಕ್ಕಿ, ಬಾಳೆ, ಮರಗೆಣಸು, ಮೆಕ್ಕೆಜೋಳಗಳಿಂದ. ಆದರೆ ಅವರು ದಿನದ ಬಹುಪಾಲು ನಡೆಯುತ್ತಾರೆ, ಅಗೆಯುತ್ತಾರೆ, ಬೇಟೆಯಾಡುತ್ತಾರೆ. ಆಸ್ಟ್ರೇಲಿಯದ ಹತ್ತು ಮಂದಿಯೂ ಏಳು ವಾರ ಕುಳಿತು ತಿಂದಿರಲಿಲ್ಲ. ಸಿಂಧನೂರಿನ ಗದ್ದೆಗೆ ಟ್ರ್ಯಾಕ್ಟರ್ ಬಂತು, ಕೊಯ್ಲಿನ ಯಂತ್ರ ಬಂತು; ಮೈಯ ಕೆಲಸ ಇಳಿಯಿತು, ತಟ್ಟೆಯ ಅನ್ನ ಇಳಿಯಲಿಲ್ಲ.

ಪೇಲಿಯೊ ಪಥ್ಯ ಸಕ್ಕರೆ, ಮೈದಾ, ಪೊಟ್ಟಣದ ತಿನಿಸುಗಳನ್ನು ಬಿಡಿ ಎನ್ನುವಲ್ಲಿ ಸರಿಯಾಗಿದೆ. ಹಿರಿಯರೆಲ್ಲರೂ ಒಂದೇ ಊಟ ಮಾಡಿದರು, ಅದರಲ್ಲಿ ಕಾಳು ಇರಲಿಲ್ಲ ಎನ್ನುವಲ್ಲಿ ಎಡವಿದೆ. ರಾಯಚೂರು ಸೀಮೆ ಕಳೆದುಕೊಂಡದ್ದು ಬೇಟೆಯ ಮಾಂಸವನ್ನಲ್ಲ, ಹೊಲದ ಬಗೆಬಗೆಯ ಕಾಳುಗಳನ್ನು; ಅದೂ ಹತ್ತು ಸಾವಿರ ವರ್ಷಗಳ ಹಿಂದಲ್ಲ, ಅಜ್ಜ ಅಜ್ಜಿಯರ ಕಾಲದಲ್ಲಿ. ಇಷ್ಟು ಹತ್ತಿರದಲ್ಲಿ ಕಳೆದುಹೋದದ್ದನ್ನು ಮರಳಿ ತರುವುದಕ್ಕೆ ಶಿಲಾಯುಗದವರೆಗೆ ಹೋಗಬೇಕಿಲ್ಲ. ಒಂದು ಹಿಡಿ ಅನ್ನ ತಗ್ಗಿಸಿ ಒಂದು ಹಿಡಿ ಹುರುಳಿ ಸೇರಿಸಿದರೆ ಅಲ್ಲಿಂದಲೇ ಆರಂಭ.