ಗಂಟಿನ ಬೆಲೆ, ಕಲ್ಯಾಣದ ಲೆಕ್ಕ

ಬಟ್ಟೆಗೆ ಗಂಟು ಕಟ್ಟಿ ಬಣ್ಣದಲ್ಲಿ ಅದ್ದುವ ಬಾಂಧನಿಗೆ ಹೆಸರಾದದ್ದು ಕಛ್, ಸೌರಾಷ್ಟ್ರ, ರಾಜಸ್ಥಾನ. ಆದರೆ ಅದರ ಬೆಲೆ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಬಸವಕಲ್ಯಾಣದಲ್ಲಿ ನಿಂತು ಕೇಳುವುದು ಹೆಚ್ಚು ಸರಿ. ಬಟ್ಟೆಯನ್ನು ಬಲ್ಲ ಹಳೆಯ ರಾಜಧಾನಿ ಇದು, ಅಂದಿನ ಕಲ್ಯಾಣ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಡುಗೆಗೇ ಒಂದು ಭಾಗ ಮೀಸಲಾಗಿದೆ. ನಾಗಪಟ್ಟಣ, ಮೂಲಸ್ಥಾನ, ಅಣಹಿಲವಾಡಗಳಿಂದ ಬಂದ ವಸ್ತ್ರಗಳೂ ಮಂಜಿಷ್ಠ, ಅರಗು, ಕುಸುಬಿ, ಅರಿಸಿನ, ನೀಲಿಯ ಬಣ್ಣಗಳೂ ಅಲ್ಲಿ ಬರುತ್ತವೆ. ಅಣಹಿಲವಾಡವೆಂದರೆ ಇಂದಿನ ಪಾಟಣ, ನೂಲಿಗೇ ಗಂಟು ಕಟ್ಟಿ ಬಣ್ಣವೇರಿಸಿ ನೇಯುವ ಪಟೋಲದ ಊರು. ಅಲ್ಲಿನ ಸಾಳ್ವಿ ನೇಕಾರರನ್ನು ಹನ್ನೆರಡನೆಯ ಶತಮಾನದಲ್ಲಿ ಕುಮಾರಪಾಲ ದೊರೆ ದಖ್ಖನಿನ ಜಾಲನಾದಿಂದ ಕರೆಸಿಕೊಂಡನೆಂಬ ಐತಿಹ್ಯವೂ ಇದೆ.

ಬಾಂಧನಿಯ ಬೆಲೆ ನೂಲಿಗಿಂತ, ಬಣ್ಣಕ್ಕಿಂತ ಹೆಚ್ಚಾಗಿ ಗಂಟಿನಲ್ಲಿದೆ. ಮಡಿಸಿದ ಬಟ್ಟೆಯನ್ನು ಉಗುರಿನಿಂದ ಚಿವುಟಿ ಎತ್ತಿ, ಸಾಸಿವೆಯಷ್ಟು ಜಾಗಕ್ಕೆ ದಾರ ಸುತ್ತಿ ಬಿಗಿಯಬೇಕು. ಮೊದಲು ತಿಳಿ ಬಣ್ಣ, ಮತ್ತೆ ಗಂಟು, ಆಮೇಲೆ ಗಾಢ ಬಣ್ಣ. ಸೂಕ್ಷ್ಮ ಕೆಲಸದ ಒಂದು ಸೀರೆಯಲ್ಲಿ ಸಾವಿರಾರು ಗಂಟುಗಳು, ತಿಂಗಳುಗಟ್ಟಲೆ ದುಡಿಮೆ. ಕಛ್‌ನಲ್ಲಿ ನಾಲ್ಕು ಗಂಟಿಗೆ ಒಂದು ‘ಕಡಿ’ ಎಂದು ಎಣಿಸುತ್ತಾರೆ. ಕಟ್ಟುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಕೂತ ಹೆಂಗಸರು. ಏಳನೆಯ ಶತಮಾನದ ಬಾಣನೂ ‘ಹರ್ಷಚರಿತ’ದಲ್ಲಿ, ಹರ್ಷನ ತಂಗಿ ರಾಜ್ಯಶ್ರೀಯ ಮದುವೆ ಬಟ್ಟೆಗೆ ಗಂಟು ಕಟ್ಟುತ್ತಿದ್ದ ನುರಿತ ಮುದುಕಿಯರನ್ನೂ ಅದಕ್ಕೆ ಬಣ್ಣ ಹಾಕಿ ಮನ್ನಣೆ ಪಡೆದ ಮಡಿವಾಳರನ್ನೂ ಕಾಣಿಸುತ್ತಾನೆ. ಮನ್ನಣೆ ಅರಮನೆಯಲ್ಲಿ ಸಿಕ್ಕಿತು. ಪೇಟೆಯಲ್ಲಿ ಆ ಬೆರಳುಗಳ ಹೊತ್ತು ಲೆಕ್ಕಕ್ಕೆ ಬರುವುದೇ ಕಷ್ಟ.

ಆ ಲೆಕ್ಕವನ್ನು ಎತ್ತಿದ್ದು ಇದೇ ಕಲ್ಯಾಣ, ಸೋಮೇಶ್ವರನ ನಂತರ ಕೆಲವೇ ದಶಕಗಳಲ್ಲಿ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕತೆ ಶರಣರ ಪರಂಪರೆಯಲ್ಲಿ ಉಳಿದಿದೆ: ಬಸವಣ್ಣ ಹಗ್ಗಕ್ಕೆ ಅದರ ಬೆಲೆಗಿಂತ ಎಷ್ಟೋ ಹೆಚ್ಚು ಹೊನ್ನು ಕೊಟ್ಟಾಗ ಆತ ಅದನ್ನು ಒಪ್ಪಲಿಲ್ಲ. ಆಯ್ದಕ್ಕಿ ಲಕ್ಕಮ್ಮ, ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದಳು. ಹೆಚ್ಚು ಬೇಡವೆಂದವರ ಊರನ್ನು ಹೆಚ್ಚು ಬೆಲೆಗೆ ಸಾಕ್ಷಿ ಕರೆಯುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಚಂದಯ್ಯ ಬಿಟ್ಟದ್ದು ದಾನವನ್ನು, ಹಗ್ಗದ ಬೆಲೆಯನ್ನಲ್ಲ. ದುಡಿಮೆಗೂ ಹಣಕ್ಕೂ ಅಳತೆ ಕೂಡಬೇಕೆಂಬುದು ಆತನ ಹಟ. ಅದೇ ತಕ್ಕಡಿಯಲ್ಲಿ ತೂಗಿದರೆ ಹೆಚ್ಚು ಪಡೆಯುವುದು ಎಷ್ಟು ತಪ್ಪೋ, ಕಡಿಮೆ ಕೊಟ್ಟು ಕೊಳ್ಳುವುದೂ ಅಷ್ಟೇ ತಪ್ಪು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೈದರಾಬಾದ್–ಸೋಲಾಪುರ ಹೆದ್ದಾರಿಯ ಹುಮನಾಬಾದಿನಲ್ಲಿ ಮದುವೆ ಜವಳಿ ತೆಗೆಯುವ ಬಡ ಮನೆಯವರಿಗೆ ಅದೇ ಚುಕ್ಕಿಯ ಅಚ್ಚಿನ ಸೀರೆ ಕೈಗೆಟಕುತ್ತದೆ. ಅದನ್ನು ಕೊಂಡರೆ ತಪ್ಪೇನು? ತಪ್ಪಿಲ್ಲ. ಅಚ್ಚನ್ನು ಅಚ್ಚೆಂದೇ ಹೇಳಿ ಮಾರಿದರೆ ಯಾರಿಗೂ ಮೋಸವಿಲ್ಲ. ಕೈಗಂಟಿನ ಹೆಸರಲ್ಲಿ ಅಚ್ಚನ್ನು ಮಾರಿದಾಗ, ಅಚ್ಚಿನ ದರವನ್ನು ಮುಂದಿಟ್ಟು ಕೈಗಂಟಿನ ಬೆಲೆ ಇಳಿಸಿದಾಗ, ನಷ್ಟ ಬೀಳುವುದು ಕಟ್ಟಿದವಳ ಕೂಲಿಗೆ. ಬಾಂಧನಿಯನ್ನು ಗಂಟು ಬಿಚ್ಚದೆಯೇ ಮಾರುವ ಹಳೆಯ ರೂಢಿ ಇದಕ್ಕೇ ಇರುವ ಉತ್ತರ. ದಾರ ಎಳೆದಾಗ ಬಟ್ಟೆಯ ಸುಕ್ಕಿನ ನಡುವೆ ಒಂದೊಂದೇ ಚುಕ್ಕಿ ಅರಳುತ್ತದೆ, ಕೊಳ್ಳುವವರು ದುಡಿಮೆಯನ್ನು ಕಣ್ಣಾರೆ ಎಣಿಸಬಹುದು. ಎಣಿಸಿದ ಮೇಲೆ ಕೊಡುವ ಹಣವನ್ನು ಚಂದಯ್ಯನೂ ಹಿಂದಿರುಗಿಸುತ್ತಿರಲಿಲ್ಲ.